ಪಿಯು ನಂತರ ಬಿಎಸ್ಸಿ ಮ್ಯಾಥ್ಸ್: ಕಾಂಬಿನೇಷನ್ ಯಾವುದು, ಮೊದಲ ಸೆಮ್‌ಗೆ ತಯಾರಿ ಹೇಗೆ? (ದಾವಣಗೆರೆ, ಚಿತ್ರದುರ್ಗ)

ಖಾರ ಮಂಡಕ್ಕಿ
ದ್ವಿತೀಯ ಪಿಯು ಪಿಸಿಎಂಬಿ ಮುಗೀತು. ಗಣಿತದ ಲಿಖಿತ ಪರೀಕ್ಷೇಲಿ 80ಕ್ಕೆ 74. ಹತ್ತರವರೆಗೆ ಕನ್ನಡ ಮಾಧ್ಯಮ. ಎಂಜಿನಿಯರಿಂಗ್ ಬೇಡ, ಗಣಿತವೇ ಓದಬೇಕು ಅಂತ ತೀರ್ಮಾನ ಆಗಿದೆ, ಅದರ ಮೇಲೆ ಮತ್ತೆ ಪಂಚಾಯ್ತಿ ಬೇಡ. ದಾವಣಗೆರೆ ಇಲ್ಲವೇ ಚಿತ್ರದುರ್ಗದಲ್ಲೇ ಓದೋದು. ಮೂರು ವಿಷಯ ತಿಳಿಸಿ: ಪಿಸಿಎಂ ಒಳ್ಳೇದಾ, ಗಣಿತದ ಜೊತೆ ಕಂಪ್ಯೂಟರ್ ಸೈನ್ಸ್ ಒಳ್ಳೇದಾ? ಕಾಲೇಜು ಶುರುವಾಗೋಕೆ ಮುಂಚೆ ಏನು ಓದಿಟ್ಟುಕೊಳ್ಳಬೇಕು? ಎಂಎಸ್ಸಿಗೆ ಐಐಟಿ ಕಡೆ ಹೋಗೋಕೆ ಇಲ್ಲಿನ ಡಿಗ್ರಿ ಸಾಕಾಗುತ್ತಾ?

ತೋಳಹುಣಸೆ ಟಿಕೆಟ್
ಕಾಂಬಿನೇಷನ್ ಆರಿಸುವಾಗ ಹಿಂದಿನಿಂದ ಲೆಕ್ಕ ಹಾಕು ತಮ್ಮಾ. ಮೊದಲು ಡಿಗ್ರಿ ಆದಮೇಲಿನ ಬಾಗಿಲು ಯಾವುದು ನೋಡು, ಆಮೇಲೆ ಅದರ ಕೀಲಿ.

ಎರಡೂ ಜಿಲ್ಲೆ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಹಾಗಾಗಿ ವಿಶ್ವವಿದ್ಯಾಲಯವೇ ಪರೀಕ್ಷೆ ನಡೆಸುವ ಕಾಲೇಜಾದರೆ ದಾವಣಗೆರೆಯಲ್ಲಿ ಸೇರಿದರೂ ದುರ್ಗದಲ್ಲಿ ಸೇರಿದರೂ ಸಿಲಬಸ್ ಅದೇ, ಪ್ರಶ್ನೆಪತ್ರಿಕೆ ಅದೇ. ವ್ಯತ್ಯಾಸ ಇರೋದು ಯಾವ ಕಾಂಬಿನೇಷನ್ ಇದೆ, ಗಣಿತಕ್ಕೆ ಕಾಯಂ ಅಧ್ಯಾಪಕರು ಎಷ್ಟು ಜನ ಅನ್ನೋದರಲ್ಲಿ. ಅರ್ಜಿ ಹಾಕೋಕೆ ಮುಂಚೆ ಕಾಲೇಜಿಗೇ ಹೋಗಿ ಈ ಎರಡನ್ನೂ ಕೇಳು, ಗೇಟಿನ ಬೋರ್ಡ್ ನೋಡಿ ವಾಪಸ್ ಬರಬೇಡ.

2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ, ಮೂರು ಮುಖ್ಯ ವಿಷಯ. ಅದಕ್ಕೂ ಮುಂಚೆ 2021-22ರಿಂದ ಇದ್ದ ನಾಲ್ಕು ವರ್ಷದ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪದ್ಧತಿಯ ಹಳೇ ಸಿಲಬಸ್ ಪಿಡಿಎಫ್ ಇನ್ನೂ ವಾಟ್ಸಾಪಲ್ಲಿ ಓಡಾಡ್ತಾ ಇರುತ್ತೆ. ಅದನ್ನ ನಂಬಿ ಪುಸ್ತಕ ಕೊಂಡರೆ ದುಡ್ಡು ದಂಡ. ಸಿಲಬಸ್ ಮೇಲೆ ಯಾವ ಸಾಲಿಂದ ಜಾರಿ ಅಂತ ಬರೆದಿರುತ್ತೆ, ಮೊದಲು ಅದನ್ನ ಓದು.

ಇನ್ನು ಬಾಗಿಲುಗಳು. ಹೈಸ್ಕೂಲ್ ಮೇಷ್ಟ್ರಾಗಬೇಕು ಅಂದ್ರೆ ಪಿಸಿಎಂ ಸಲೀಸು. ಹುದ್ದೆಯನ್ನೇ ಪಿಸಿಎಂ ಶಿಕ್ಷಕರು ಅಂತ ಕರೆಯೋದು. ನೇಮಕಾತಿ ಅಧಿಸೂಚನೆಯಲ್ಲಿ ಪದವಿಯಲ್ಲಿ ಯಾವ ಯಾವ ವಿಷಯ ಓದಿರಬೇಕು ಅಂತ ಬಿಡಿಸಿ ಬರೆದಿರ್ತಾರೆ. ಹಿಂದಿನ ಒಂದೆರಡು ಅಧಿಸೂಚನೆ ತೆಗೆದು ಆ ಪುಟ ನೋಡಿಯೇ ಕಾಂಬಿನೇಷನ್ ಗುರುತು ಮಾಡು. ಪಿಯು ಉಪನ್ಯಾಸಕ ಆಗಬೇಕಾದರೆ ಎಂಎಸ್ಸಿ ಜೊತೆ ಬಿಎಡ್ ಬೇಕು, ಬಿಎಡ್ ಎರಡು ವರ್ಷ. ಎಂಸಿಎಗೆ ಪಿಯುನಲ್ಲೋ ಡಿಗ್ರಿಯಲ್ಲೋ ಗಣಿತ ಓದಿದ್ದರೆ ಆಯ್ತು, ಯಾವ ಕಾಂಬಿನೇಷನ್ ಆದರೂ ನಡೆಯುತ್ತೆ.

ಏಳುಸುತ್ತು
ಮೇಲಿನವರ ಮಾತು ಸರಿ, ಆದರೆ ಕೆಲಸದ ಬಾಗಿಲು ಒಂದನ್ನೇ ನೋಡಿದರೆ ಸಾಲದು. ವಾರದ ಹೊತ್ತಿನ ಲೆಕ್ಕವನ್ನೂ ಹಾಕಿ. ಪಿಸಿಎಂ ತಗೊಂಡರೆ ಫಿಸಿಕ್ಸ್ ಲ್ಯಾಬು, ಕೆಮಿಸ್ಟ್ರಿ ಲ್ಯಾಬು, ಎರಡಕ್ಕೂ ರೆಕಾರ್ಡು. ಮಧ್ಯಾಹ್ನಗಳು ಅಲ್ಲೇ ಕರಗುತ್ತವೆ. ಗಣಿತಕ್ಕೆ ದಿನಕ್ಕೆ ಒಂದೂವರೆ ಗಂಟೆ ಒಂದೇ ಪಟ್ಟಿನಲ್ಲಿ ಕೂರೋಕೆ ಸಿಗದಿದ್ದರೆ ಗ್ರೂಪ್ ಥಿಯರಿ ತಲೆಗೆ ಹತ್ತಲ್ಲ. ಕೆಮಿಸ್ಟ್ರಿ ಜಾಗದಲ್ಲಿ ಕಂಪ್ಯೂಟರ್ ಸೈನ್ಸ್ ಇದ್ದರೆ ಲ್ಯಾಬ್ ಇರುತ್ತೆ, ಆದರೆ ಅಲ್ಲಿ ಕಲಿತ ಪ್ರೋಗ್ರಾಮಿಂಗ್ ಗಣಿತದ ಪ್ರಾಕ್ಟಿಕಲ್‌ಗೂ ನ್ಯೂಮರಿಕಲ್ ಅನಾಲಿಸಿಸ್‌ಗೂ ನೇರ ಬಳಕೆಗೆ ಬರುತ್ತೆ.

ಫಿಸಿಕ್ಸ್ ಮಾತ್ರ ಬಿಡಬೇಡಿ ಅನ್ನೋದು ನನ್ನ ವಾದ. ವೆಕ್ಟರ್ ಕ್ಯಾಲ್ಕುಲಸ್ಸಲ್ಲಿ ಕರ್ಲ್, ಡೈವರ್ಜೆನ್ಸ್ ಬಂದಾಗ ಫಿಸಿಕ್ಸ್ ಓದುವವರಿಗೆ ಒಂದು ಚಿತ್ರ ಇರುತ್ತೆ, ಉಳಿದವರಿಗೆ ಬರೀ ಡಿಟರ್ಮಿನೆಂಟು.

ಸ್ಟ್ಯಾಟಿಸ್ಟಿಕ್ಸ್ ಸಿಗುವ ಕಾಲೇಜು ಕಡಿಮೆ. ಸಿಕ್ಕರೆ ಅದು ಗಣಿತದ ಒಳ್ಳೇ ಜೋಡಿ.

ಖಾರ ಮಂಡಕ್ಕಿ
ಥ್ಯಾಂಕ್ಸ್ ಸರ್. ತಮ್ಮ ಅಲ್ಲ, ತಂಗಿ :) ಒಂದು ಅನುಮಾನ. ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ಐಐಎಸ್ಸಿ ಕ್ಯಾಂಪಸ್ ಇದೆಯಲ್ಲ, ಅಲ್ಲೇ ಗಣಿತ ಡಿಗ್ರಿ ಓದಬಹುದು ಅಂತ ಯಾರೋ ಹೇಳಿದರು.

ತೋಳಹುಣಸೆ ಟಿಕೆಟ್
ಇಲ್ಲಮ್ಮ. ಐಐಎಸ್ಸಿಯ ಪದವಿ ತರಗತಿ ನಡೆಯೋದು ಬೆಂಗಳೂರಲ್ಲಿ. ಕುದಾಪುರದಲ್ಲಿ ಶಿಕ್ಷಕರಿಗೆ ತರಬೇತಿ ಕೊಡುವ ಪ್ರತಿಭಾ ಅಭಿವೃದ್ಧಿ ಕೇಂದ್ರ ಇದೆ. ಪಿಯು ಆದಮೇಲೆ ಬರೀ ಗಣಿತಕ್ಕೇ ಮೀಸಲಾದ ಕಡೆ ಹೋಗಬೇಕು ಅಂದ್ರೆ ಬೆಂಗಳೂರಿನ ಐಎಸ್‌ಐನ (ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) ಬಿ.ಮ್ಯಾಥ್ ಪದವಿ, ಚೆನ್ನೈನ ಸಿಎಂಐ (ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್). ಅವಕ್ಕೆ ಪ್ರವೇಶ ಪರೀಕ್ಷೆ ಬೇರೆ, ಅರ್ಜಿಯನ್ನ ಪಿಯು ರಿಸಲ್ಟ್‌ಗೆ ಮುಂಚೆಯೇ ಹಾಕಿರಬೇಕು. ಈ ವರ್ಷಕ್ಕೆ ಆ ಬಸ್ಸು ಹೋಯ್ತು.

ಸೊನ್ನೆಯಿಂದ ಭಾಗಿಸಬ್ಯಾಡ್ರಿ
ಎರಡನೇ ಪ್ರಶ್ನೆಗೆ ಬರ್ತೀನಿ, ಯಾಕಂದ್ರೆ 74 ತಗೊಂಡವರು ಮೊದಲ ಸೆಮ್ಮಲ್ಲಿ ಎಡವೋದು ಇಲ್ಲೇ.

ಪಿಯುನಲ್ಲಿ ಪ್ರಶ್ನೆ ಅಂದ್ರೆ "ಕಂಡುಹಿಡಿಯಿರಿ". ಡಿಗ್ರಿಯಲ್ಲಿ "ಸಾಧಿಸಿ". ಮೊದಲನೇದಕ್ಕೆ ಸೂತ್ರ ಗೊತ್ತಿದ್ದರೆ ಆಯ್ತು, ಎರಡನೇದಕ್ಕೆ ಡೆಫಿನಿಷನ್ ಅಕ್ಷರಕ್ಷರ ಗೊತ್ತಿರಬೇಕು. ಕನ್ನಡ ಮಾಧ್ಯಮದವರಿಗೆ ಇದರಲ್ಲಿ ಒಂದು ಅನುಕೂಲ ಇದೆ, ಅದನ್ನ ಯಾರೂ ಬಳಸಲ್ಲ. ಹತ್ತನೇ ಕ್ಲಾಸಿನ ರೇಖಾಗಣಿತದಲ್ಲಿ ಥೇಲ್ಸ್ ಪ್ರಮೇಯ ಬರೆಯುವಾಗ ಏನೇನು ಬರೀತಿದ್ರಿ? ದತ್ತ, ಸಾಧನೀಯ, ರಚನೆ, ಸಾಧನೆ. ಆ ನಾಲ್ಕು ತಲೆಬರಹವನ್ನ ಪಿಯುಗೆ ಬಂದ ದಿನವೇ ಮರೆತುಬಿಟ್ರಿ. ಈಗ ವಾಪಸ್ ತಗೊಳ್ಳಿ.

ಒಂದು ಅನುಕ್ರಮ ತಗೊಳ್ಳೋಣ: (2ಎನ್+1)/(ಎನ್+3). ಎನ್ ಬೆಳೀತಾ ಹೋದಂಗೆ ಇದು 2ರ ಹತ್ತಿರ ಹೋಗುತ್ತೆ ಅಂತ ಸಾಧಿಸಬೇಕು. ಪಿಯು ಕೈ ಏನು ಬರೆಯುತ್ತೆ ಅಂದ್ರೆ: ಮೇಲೆ ಕೆಳಗೆ ಎನ್‌ನಿಂದ ಭಾಗಿಸು, 1/ಎನ್ ಸೊನ್ನೆ ಆಗುತ್ತೆ, ಉತ್ತರ 2. ಉತ್ತರ ಸರಿ. ಆದರೆ ಡೆಫಿನಿಷನ್‌ನಿಂದ ಸಾಧಿಸಿ ಅಂತ ಕೇಳಿದ್ದರೆ ಇದಕ್ಕೆ ಅಂಕ ಸಿಗಲ್ಲ.

ಮೊದಲು ರಫ್ ಹಾಳೆ. ವ್ಯತ್ಯಾಸ ತೆಗೀರಿ: (2ಎನ್+1)/(ಎನ್+3) ಕಳೆ 2. ಛೇದ ಒಂದು ಮಾಡಿದರೆ ಮೇಲೆ 2ಎನ್+1−2ಎನ್−6, ಅಂದ್ರೆ −5. ಚಿಹ್ನೆ ಬಿಟ್ಟರೆ ವ್ಯತ್ಯಾಸ 5/(ಎನ್+3). ಇದು ಎಪ್ಸಿಲಾನ್‌ಗಿಂತ, ಅಂದ್ರೆ ಯಾರಾದರೂ ಕೊಟ್ಟ ಎಷ್ಟೇ ಸಣ್ಣ ಧನ ಸಂಖ್ಯೆಗಿಂತ, ಚಿಕ್ಕದಾಗಬೇಕು. ಎಪ್ಸಿಲಾನ್ 0.01 ಅಂದ್ಕೊಳ್ಳಿ, ಆಗ ಎನ್ 497ಕ್ಕಿಂತ ಜಾಸ್ತಿ ಇರಬೇಕು.

ಈಗ ಉತ್ತರ ಪತ್ರಿಕೆ.
ದತ್ತ: ಎಪ್ಸಿಲಾನ್ ಒಂದು ಧನ ಸಂಖ್ಯೆ.
ಸಾಧನೀಯ: ಕೆ ಅನ್ನೋ ಒಂದು ಪೂರ್ಣಾಂಕ ಇದೆ, ಕೆ ಮತ್ತು ಅದರ ಮುಂದಿನ ಎಲ್ಲ ಎನ್‌ಗೂ ವ್ಯತ್ಯಾಸ ಎಪ್ಸಿಲಾನ್‌ಗಿಂತ ಕಡಿಮೆ.
ರಚನೆ: 5/ಎಪ್ಸಿಲಾನ್ − 3 ಕ್ಕಿಂತ ದೊಡ್ಡದಾದ ಪೂರ್ಣಾಂಕ ಕೆ ಇರಲಿ.
ಸಾಧನೆ: ಎನ್ ≥ ಕೆ ಆದರೆ ಎನ್+3 ಅನ್ನೋದು 5/ಎಪ್ಸಿಲಾನ್‌ಗಿಂತ ದೊಡ್ಡದು, ಹಾಗಾಗಿ 5/(ಎನ್+3) ಎಪ್ಸಿಲಾನ್‌ಗಿಂತ ಚಿಕ್ಕದು. ಮುಗೀತು.

ರಫ್ ಹಾಳೆಯಲ್ಲಿ ಬೇಕಾದದ್ದರಿಂದ ಹೊರಟು ಹಿಂದಕ್ಕೆ ನಡೀತೀವಿ, ಉತ್ತರ ಪತ್ರಿಕೆಯಲ್ಲಿ ಕೊಟ್ಟದ್ದರಿಂದ ಹೊರಟು ಮುಂದಕ್ಕೆ. ಬಹಳ ಜನ ರಫ್ ಹಾಳೆಯನ್ನೇ ಚಂದದ ಅಕ್ಷರದಲ್ಲಿ ನಕಲು ಮಾಡಿ ಇಡ್ತಾರೆ. ಸಾಧಿಸಬೇಕಾದ್ದನ್ನೇ ಮೊದಲ ಸಾಲಲ್ಲಿ ಒಪ್ಪಿಕೊಂಡಂಗೆ ಆಗುತ್ತೆ ಅದು.

ಎಡಗೈ ಬರಹ
ಸರ್, ಒಂದು ತಿದ್ದುಪಡಿ. ಎಪ್ಸಿಲಾನ್ 5 ಅಂತ ಯಾರಾದರೂ ಕೊಟ್ಟರೆ 5/ಎಪ್ಸಿಲಾನ್ − 3 ಅನ್ನೋದು −2 ಆಗುತ್ತೆ. ಅದಕ್ಕಿಂತ ದೊಡ್ಡ ಪೂರ್ಣಾಂಕ ಅಂತ −1 ತಗೊಂಡ್ರೆ ಅದು ಅನುಕ್ರಮದ ಪದವೇ ಅಲ್ಲ. ಕೆ ಧನ ಪೂರ್ಣಾಂಕ ಅಂತ ಬರೀಬೇಕು. ಇಲ್ಲಾಂದ್ರೆ −3 ಬಿಟ್ಟು ಕೆ ಅನ್ನ ಸೀದಾ 5/ಎಪ್ಸಿಲಾನ್‌ಗಿಂತ ದೊಡ್ಡದು ಅಂತ ತಗೊಂಡರೆ ಚಿಂತೆಯೇ ಇಲ್ಲ. 5/(ಎನ್+3) < 5/ಎನ್ ≤ 5/ಕೆ < ಎಪ್ಸಿಲಾನ್.

ಸೊನ್ನೆಯಿಂದ ಭಾಗಿಸಬ್ಯಾಡ್ರಿ
ಸರಿಯಾಗಿ ಹಿಡಿದ್ರಿ. 0.01ಕ್ಕೆ ಈಗ ಕೆ 501 ಆಗುತ್ತೆ, 498 ಸಾಕಿತ್ತು. ಮೂರು ಹೆಚ್ಚಾದರೆ ನಷ್ಟವಿಲ್ಲ. ಎಲ್ಲಕ್ಕಿಂತ ಚಿಕ್ಕ ಕೆ ಹುಡುಕು ಅಂತ ಡೆಫಿನಿಷನ್ ಎಲ್ಲೂ ಕೇಳಿಲ್ಲ. ಇದನ್ನೇ ಹುಡುಕಿಕೊಂಡು ಅರ್ಧ ಗಂಟೆ ಕಳೆಯುವವರು ಪ್ರತಿ ಬ್ಯಾಚಲ್ಲೂ ಸಿಗ್ತಾರೆ.

ಚಂದ್ರವಳ್ಳಿ
ಕನ್ನಡದ ಅನುಕೂಲದ ಮಾತು ಬಂತಲ್ಲ, ಇನ್ನೂ ಒಂದು ಇದೆ. ಅನಾಲಿಸಿಸ್‌ನ ಅರ್ಧ ಗೊಂದಲ "ಎಲ್ಲದಕ್ಕೂ" ಮತ್ತು "ಒಂದು ಇದೆ" ಅನ್ನೋ ಎರಡು ಮಾತು ಯಾವ ಕ್ರಮದಲ್ಲಿ ಬರುತ್ತೆ ಅನ್ನೋದರಲ್ಲಿದೆ. ಕಂಟಿನ್ಯುಯಸ್ ಅಂದ್ರೇನು, ಯೂನಿಫಾರ್ಮ್ಲಿ ಕಂಟಿನ್ಯುಯಸ್ ಅಂದ್ರೇನು ಅಂತ ಇಂಗ್ಲಿಷಲ್ಲಿ ಹತ್ತು ಸಲ ಓದಿದರೂ ಎರಡೂ ಒಂದೇ ಥರ ಕಾಣುತ್ತೆ. ಕನ್ನಡದಲ್ಲಿ ಹೇಳಿ ನೋಡಿ:

ಪ್ರತಿ ಬೀಗಕ್ಕೂ ಒಂದು ಕೀಲಿ ಇದೆ.
ಎಲ್ಲ ಬೀಗಕ್ಕೂ ಒಂದೇ ಕೀಲಿ ಇದೆ.

ಒಂದು, ಒಂದೇ. ಆ ಏಕಾರದಲ್ಲಿ ಇಡೀ ವ್ಯತ್ಯಾಸ ಇದೆ. ಬೀಗ ಅಂದ್ರೆ ರೇಖೆಯ ಮೇಲಿನ ಬಿಂದು, ಕೀಲಿ ಅಂದ್ರೆ ಡೆಲ್ಟಾ: ಬಿಂದುವಿನಿಂದ ಅಷ್ಟು ದೂರದೊಳಗೆ ಇದ್ದರೆ ಫಂಕ್ಷನ್‌ನ ಬೆಲೆಯ ವ್ಯತ್ಯಾಸ ಎಪ್ಸಿಲಾನ್‌ಗಿಂತ ಕಡಿಮೆ. ಎಪ್ಸಿಲಾನ್ ಕೊಟ್ಟಮೇಲೆ ಬಿಂದುವಿಗೆ ತಕ್ಕಂತೆ ಡೆಲ್ಟಾ ಬದಲಾಗಬಹುದು ಅಂದ್ರೆ ಬರೀ ಕಂಟಿನ್ಯುಯಸ್. ಎಲ್ಲ ಬಿಂದುವಿಗೂ ಒಂದೇ ಡೆಲ್ಟಾ ಸಾಕು ಅಂದ್ರೆ ಯೂನಿಫಾರ್ಮ್.

ಉದಾಹರಣೆಗೆ ವರ್ಗದ ಫಂಕ್ಷನ್, ಇಡೀ ಸಂಖ್ಯಾರೇಖೆಯ ಮೇಲೆ. ಎನ್ ಮತ್ತು ಎನ್+1/ಎನ್ ತಗೊಳ್ಳಿ. ಅವುಗಳ ನಡುವಿನ ದೂರ 1/ಎನ್, ಬೇಕಾದಷ್ಟು ಸಣ್ಣದು ಮಾಡಬಹುದು. ವರ್ಗಗಳ ವ್ಯತ್ಯಾಸ? 2+1/ಎನ್². ಯಾವತ್ತೂ 2ಕ್ಕಿಂತ ಕೆಳಗೆ ಇಳಿಯಲ್ಲ. ಎಪ್ಸಿಲಾನ್ 2 ಕೊಟ್ಟರೆ ಯಾವ ಒಂದೇ ಕೀಲಿಯೂ ಎಲ್ಲ ಬೀಗ ತೆಗೆಯಲ್ಲ.

ಇದೇ ಥರ "ಆದರೆ" ಮತ್ತು "ಆದರೆ ಮಾತ್ರ". ಮಳೆ ಬಂದರೆ ಅಂಗಳ ಒದ್ದೆ. ಅಂಗಳ ಒದ್ದೆ ಅಂದಮಾತ್ರಕ್ಕೆ ಮಳೆ ಬಂತು ಅಂತಲ್ಲ, ಯಾರೋ ನೀರು ಹಾಕಿರಬಹುದು. ಸರಣಿ ಒಮ್ಮುಖವಾದರೆ ಅದರ ಪದಗಳು ಸೊನ್ನೆಯತ್ತ ಹೋಗ್ತವೆ. ತಿರುಗಿಸಿ ಹೇಳೋಕೆ ಬರಲ್ಲ. 1+1/2+1/3+… ಇದರ ಪದಗಳು ಸೊನ್ನೆಗೆ ಹೋಗ್ತವೆ, ಮೊತ್ತ ಮಾತ್ರ ನಿಲ್ಲಲ್ಲ. 1/3+1/4 ಅರ್ಧಕ್ಕಿಂತ ಜಾಸ್ತಿ, 1/5ರಿಂದ 1/8ರವರೆಗೆ ಮತ್ತೆ ಅರ್ಧಕ್ಕಿಂತ ಜಾಸ್ತಿ, ಹೀಗೆ ಅರ್ಧಗಳು ಮುಗಿಯೋದೇ ಇಲ್ಲ. ನಿಧಾನ ಅಂದ್ರೆ ಎಷ್ಟು ನಿಧಾನ? ಮೊತ್ತ 10 ದಾಟೋಕೆ 12367 ಪದ ಬೇಕು. ಮೊದಲ ನೂರು ಪದ ಕೂಡಿ "ನಿಲ್ಲುತ್ತೆ ಬಿಡು" ಅಂದವರು ಮೋಸ ಹೋಗೋದು ಹಿಂಗೆ.

ಪರೀಕ್ಷೇಲಿ ಬರೆಯೋದು ಇಂಗ್ಲಿಷಲ್ಲೇ, ಅದು ಗೊತ್ತು. ಆದರೆ ಅರ್ಥ ಕನ್ನಡದಲ್ಲಿ ಕೂರಲಿ. ಇಂಗ್ಲಿಷಿನಲ್ಲಿ ಬೇಕಾಗೋದು ಮೂವತ್ತು ನಲವತ್ತು ವಾಕ್ಯದ ಅಚ್ಚು ಅಷ್ಟೆ. ಒಂದು ಬೇರೆ ನೋಟ್‌ಬುಕ್ಕಲ್ಲಿ ಎಡಕ್ಕೆ ಇಂಗ್ಲಿಷ್ ವಾಕ್ಯ, ಬಲಕ್ಕೆ ಕನ್ನಡ ಬರೆದಿಟ್ಟುಕೊಳ್ಳಿ.

ಖಾರ ಮಂಡಕ್ಕಿ
ಕೀಲಿ ಬೀಗ ಅರ್ಥ ಆಯ್ತು ಅಕ್ಕ. ಹಂಗಾದ್ರೆ ರಜೆಯಲ್ಲಿ ಕ್ಯಾಲ್ಕುಲಸ್ ಬಿಟ್ಟು ಇದನ್ನೇ ಓದಲಾ?

ಸೊನ್ನೆಯಿಂದ ಭಾಗಿಸಬ್ಯಾಡ್ರಿ
ಕ್ಯಾಲ್ಕುಲಸ್ ಕೈ ಬಿಟ್ಟುಹೋಗಬಾರದು, ವಾರಕ್ಕೆ ಹತ್ತು ಇಂಟಿಗ್ರೇಷನ್ ಮಾಡ್ತಾ ಇರು. ಹೊಸದಾಗಿ ಓದಬೇಕಾದ್ದು ಮೂರೇ.

ಒಂದು, ದ್ವಿತೀಯ ಪಿಯು ಪುಸ್ತಕದ ಮೊದಲ ಅಧ್ಯಾಯ, ಸಂಬಂಧಗಳು ಮತ್ತು ಫಂಕ್ಷನ್‌ಗಳು. "ರಿಫ್ಲೆಕ್ಸಿವ್, ಸಿಮೆಟ್ರಿಕ್, ಟ್ರಾನ್ಸಿಟಿವ್ ತೋರಿಸು, ಮುಂದಕ್ಕೆ ಹೋಗು" ಅಂತ ಎಲ್ಲರೂ ಹಾರಿಸಿಬಿಡೋ ಅಧ್ಯಾಯ. ಡಿಗ್ರಿ ಗಣಿತ ಶುರುವಾಗೋದೇ ಅಲ್ಲಿಂದ. ಈಕ್ವಿವಲೆನ್ಸ್ ರಿಲೇಷನ್ ಒಂದು ಗಣವನ್ನ ತುಂಡು ತುಂಡಾಗಿ ಹೆಂಗೆ ಹಂಚುತ್ತೆ ಅಂತ ಸಾಧಿಸೋಕೆ ಬಂದರೆ ಮುಂದೆ ಕೋಸೆಟ್ಟು, ಕೋಶಂಟ್ ಗ್ರೂಪು ಯಾವುದೂ ಹೆದರಿಸಲ್ಲ.

ಎರಡು, ಇಂಡಕ್ಷನ್ (1ಕ್ಕೆ ನಿಜ, ಕೆಗೆ ನಿಜವಾದರೆ ಕೆ+1ಕ್ಕೂ ನಿಜ ಅಂತ ತೋರಿಸಿ ಎಲ್ಲ ಎನ್‌ಗೂ ಸಾಧಿಸೋದು). ಈಗಿನ ಪ್ರಥಮ ಪಿಯು ಪುಸ್ತಕದಿಂದ ಆ ಅಧ್ಯಾಯ ತೆಗೆದಿದ್ದಾರೆ, ಡಿಗ್ರಿಯಲ್ಲಿ ಮಾತ್ರ ಗೊತ್ತಿದೆ ಅಂದುಕೊಂಡೇ ಪಾಠ ಹೋಗುತ್ತೆ. ಹಳೇ ಪುಸ್ತಕ ಯಾರ ಹತ್ತಿರವಾದರೂ ಇದ್ದರೆ ಇಸಕೋ. ಮೊದಲ ಮೆಟ್ಟಿಲು ಬಿಡಬೇಡ. "ಎನ್ ಅನ್ನೋದು ಎನ್+1ಕ್ಕೆ ಸಮ" ಅಂತ ಒಂದು ಸುಳ್ಳು ತಗೋ. ಕೆ = ಕೆ+1 ಅಂತ ಒಪ್ಪಿಕೊಂಡು ಎರಡೂ ಕಡೆ 1 ಕೂಡಿದರೆ ಕೆ+1 = ಕೆ+2. ಎರಡನೇ ಹಂತ ಸಲೀಸಾಗಿ ಪಾಸು! ಮೊದಲ ಹಂತ 1 = 2 ಅಂತ ಕೇಳಿದಾಗ ಮಾತ್ರ ಸಿಕ್ಕಿಬೀಳುತ್ತೆ.

ಮೂರು, ಸುಪ್ರೀಮಂ, ಅಂದ್ರೆ ಗಣದ ಯಾವ ಸಂಖ್ಯೆಯೂ ದಾಟದ ಮೇಲ್ಮಿತಿಗಳಲ್ಲೆಲ್ಲ ಚಿಕ್ಕದು. ಗರಿಷ್ಠ ಸಂಖ್ಯೆಗೂ ಸುಪ್ರೀಮಂಗೂ ಏನು ಭೇದ, 1−1/ಎನ್ ಗಣಕ್ಕೆ ಗರಿಷ್ಠ ಯಾಕಿಲ್ಲ, ಸುಪ್ರೀಮಂ 1 ಯಾಕೆ. ಇದಕ್ಕೆ ಬಾರ್ಟಲ್ ಮತ್ತು ಶೆರ್ಬರ್ಟ್ ಬರೆದ ರಿಯಲ್ ಅನಾಲಿಸಿಸ್ ಪುಸ್ತಕದ ಎರಡನೇ ಅಧ್ಯಾಯ ಸಾಕು. ದಿನಕ್ಕೆ ಎರಡು ಪುಟಕ್ಕಿಂತ ಹೆಚ್ಚು ಓದಬೇಡ. ಪುಸ್ತಕ ಮುಚ್ಚಿ ಡೆಫಿನಿಷನ್ ಬರೀಬೇಕು, ತೆಗೆದು ಹೋಲಿಸಬೇಕು. ಒಂದು ಪದ ತಪ್ಪಿದ್ದರೂ ಮತ್ತೆ ಬರೀಬೇಕು.

ಗೈಡ್ ಗಿರಾಕಿ
ಇದೆಲ್ಲ ಕೇಳೋಕೆ ಚಂದ. ವಾಸ್ತವ ಹೇಳ್ತೀನಿ. ಹಿಂದಿನ ಐದು ವರ್ಷದ ಪ್ರಶ್ನೆಪತ್ರಿಕೆ, ಒಂದು ಗೈಡು, ಹದಿನೈದು ಥಿಯರಂ ಬಾಯಿಪಾಠ. 80 ಪರ್ಸೆಂಟ್ ಗ್ಯಾರಂಟಿ. ಬಾರ್ಟಲ್ಲು ಗೀರ್ಟಲ್ಲು ಓದಿ ಇಲ್ಲಿನ ಪತ್ರಿಕೆಗೆ ಏನು ಉಪಯೋಗ?

ಎಡಗೈ ಬರಹ
ಪತ್ರಿಕೆಗೆ ಗೈಡ್ ಸಾಕಾಗಬಹುದು, ಅದರಲ್ಲಿ ನಿಮ್ಮ ಜೊತೆ ಜಗಳ ಇಲ್ಲ. ಆದರೆ ಬಾಯಿಪಾಠದ ಪ್ರೂಫು ಒಂದು ಸಾಲು ಮರೆತರೆ ಅಲ್ಲಿಗೇ ಕಂತು. ಮಾಡಿ ಕಲಿತದ್ದಾದರೆ ಆ ಸಾಲನ್ನ ಅಲ್ಲೇ ಕಟ್ಟಿಕೊಳ್ಳಬಹುದು.

ಗೈಡ್‌ನಲ್ಲಿ ಸಿಗದ ತಪ್ಪು ಒಂದು ಹೇಳ್ತೀನಿ, ಪ್ರತಿ ಮೌಲ್ಯಮಾಪನದಲ್ಲೂ ಕಾಣೋದು. ಮ್ಯಾಟ್ರಿಕ್ಸ್ ಬಳಸಿ ಸಮೀಕರಣ ಬಿಡಿಸುವಾಗ ಒಂದು ಸಾಲಲ್ಲಿ (ಕೆ−2)ಝಡ್ = ಕೆ−2 ಅಂತ ಬರುತ್ತೆ. ಎರಡೂ ಕಡೆ ಕೆ−2ರಿಂದ ಭಾಗಿಸಿ ಝಡ್ = 1 ಅಂತ ಬರೆದು ಮುಂದಕ್ಕೆ ಹೋಗ್ತಾರೆ. ಕೆ 2 ಆಗಿದ್ದರೆ ಆ ಸಾಲು 0 = 0, ಪರಿಹಾರ ಅನಂತ. ಪ್ರಶ್ನೆ ಕೇಳಿರೋದೇ ಆ ಜಾಗ ಹಿಡೀಲಿ ಅಂತ. (ಮೇಲಿನವರ ಹೆಸರೇ ಅದಕ್ಕೆ ಎಚ್ಚರಿಕೆ.) ಇನ್ನೊಂದು, ರ‍್ಯಾಂಕ್ ಕಂಡುಹಿಡಿಯೋಕೆ ಅಡ್ಡಸಾಲು, ಕಂಬಸಾಲು ಎರಡನ್ನೂ ಅದಲುಬದಲು ಮಾಡಬಹುದು. ಸಮೀಕರಣ ಬಿಡಿಸುವಾಗ ಕಂಬಸಾಲು ಮುಟ್ಟಿದರೆ ಎಕ್ಸ್ ಇದ್ದ ಜಾಗಕ್ಕೆ ವೈ ಬಂದಿರುತ್ತೆ, ಉತ್ತರ ತಲೆಕೆಳಗು.

ಏಳುಸುತ್ತು
ಗ್ರೂಪ್ ಥಿಯರಿಗೂ ಬಾಯಿಪಾಠ ಹೆಂಗೆ ಕೈಕೊಡುತ್ತೆ ನೋಡ್ರಿ. ಲಗ್ರಾಂಜ್ ಪ್ರಮೇಯ ಎಲ್ಲರಿಗೂ ಬಾಯಿಗೆ ಬರುತ್ತೆ: ಸಬ್‌ಗ್ರೂಪ್‌ನ ಆರ್ಡರ್ (ಎಲಿಮೆಂಟುಗಳ ಸಂಖ್ಯೆ) ಗ್ರೂಪ್‌ನ ಆರ್ಡರನ್ನ ಭಾಗಿಸುತ್ತೆ. ಪ್ರಶ್ನೇನ ಸ್ವಲ್ಪ ತಿರುಗಿಸಿ, 6 ಅನ್ನೋದು 12ನ್ನ ಭಾಗಿಸುತ್ತೆ, ಹಾಗಾದರೆ 12 ಆರ್ಡರಿನ ಎ4ಗೆ (ನಾಲ್ಕು ವಸ್ತುಗಳ ಸಮ ಅದಲುಬದಲುಗಳ ಗ್ರೂಪು) 6 ಆರ್ಡರಿನ ಸಬ್‌ಗ್ರೂಪ್ ಇದೆಯಾ ಅಂತ ಕೇಳಿದರೆ ಮುಕ್ಕಾಲು ಕ್ಲಾಸು "ಇದೆ" ಅನ್ನುತ್ತೆ.

ಇಲ್ಲ. ಇದ್ದರೆ ಅದು ಅರ್ಧ ಗ್ರೂಪು, ಇಂಡೆಕ್ಸ್ 2. ಇಂಡೆಕ್ಸ್ 2 ಇರೋ ಸಬ್‌ಗ್ರೂಪ್ ಒಳಗೆ ಎಲ್ಲ ಎಲಿಮೆಂಟಿನ ವರ್ಗವೂ ಬಂದು ಕೂರುತ್ತೆ. ಮೂರು-ಸೈಕಲ್ (ಮೂರು ವಸ್ತುಗಳನ್ನ ಸುತ್ತು ಹಾಕಿಸೋ ಅದಲುಬದಲು) ಒಂದನ್ನ ಮೂರು ಸಲ ಮಾಡಿದರೆ ಐಡೆಂಟಿಟಿ, ನಾಲ್ಕು ಸಲ ಮಾಡಿದರೆ ಅದೇ ವಾಪಸ್. ಅಂದ್ರೆ ಪ್ರತಿ ಮೂರು-ಸೈಕಲ್ಲೂ ತನ್ನ ವರ್ಗದ ವರ್ಗ. ಹಾಗಾಗಿ ಅವೆಲ್ಲ ಒಳಗೆ ಬರಬೇಕು. ಎ4ನಲ್ಲಿ ಮೂರು-ಸೈಕಲ್ ಎಷ್ಟು? ಎಂಟು. ಆರು ಕುರ್ಚಿಗೆ ಎಂಟು ಜನ.

ಗೈಡ್ ಗಿರಾಕಿ
ಸರಿ ಬಿಡಿ, ಇದು ಚೆನ್ನಾಗಿದೆ. ಲ್ಯಾಬ್ ಬಗ್ಗೆ ಯಾರೂ ಹೇಳಲಿಲ್ಲ.

ಎಡಗೈ ಬರಹ
ಗಣಿತಕ್ಕೂ ಪ್ರಾಕ್ಟಿಕಲ್ ಇದೆ ಅಂತ ಕೇಳಿ ಮನೇಲಿ ನಗ್ತಾರೆ, ಆದರೆ ಇದೆ. ನಮ್ಮ ಕಡೆ ಬಳಸೋದು ಸೈಲ್ಯಾಬ್, ಮ್ಯಾಕ್ಸಿಮಾ, ಪೈಥಾನ್. ಮೂರೂ ಪುಕ್ಕಟೆ, ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತೆ.

ಮ್ಯಾಕ್ಸಿಮಾದಲ್ಲಿ ಬೆಲೆ ಕೊಡೋಕೆ ಕೋಲನ್ ಹಾಕಬೇಕು. ಸಮ ಚಿಹ್ನೆ ಹಾಕಿದರೆ ಅದು ಸಮೀಕರಣ ಅಂತ ತಿಳ್ಕೊಂಡು ಸುಮ್ಮನೆ ವಾಪಸ್ ಬರೆಯುತ್ತೆ, ಎರರ್ ಕೊಡಲ್ಲ. ಅದಕ್ಕೇ ತಪ್ಪು ಗೊತ್ತಾಗಲ್ಲ. ಫಂಕ್ಷನ್‌ಗೆ ಕೋಲನ್ ಮತ್ತು ಸಮ ಎರಡೂ. ಸಾಲಿನ ಕೊನೆಗೆ ಸೆಮಿಕೋಲನ್. ಇಂಟಿಗ್ರೇಷನ್ ಕೊಟ್ಟಾಗ ಉತ್ತರದಲ್ಲಿ ಸ್ಥಿರಾಂಕ ಹಾಕಲ್ಲ, ರೆಕಾರ್ಡಲ್ಲಿ ನೀವೇ ಸೇರಿಸಬೇಕು. ಕೆಲವು ಸಲ ಎ ಧನವೋ ಋಣವೋ ಸೊನ್ನೆಯೋ ಅಂತ ಅದೇ ತಿರುಗಿ ಕೇಳುತ್ತೆ. ಹ್ಯಾಂಗ್ ಆಯ್ತು ಅಂತ ಮುಚ್ಚಬೇಡಿ, ಉತ್ತರ ಟೈಪ್ ಮಾಡಿ ಸೆಮಿಕೋಲನ್ ಹಾಕಿ.

ಸೈಲ್ಯಾಬಲ್ಲಿ ಎಣಿಕೆ 1ರಿಂದ, ಪೈಥಾನಲ್ಲಿ 0ಯಿಂದ. ಒಂದರ ಪ್ರೋಗ್ರಾಂ ಇನ್ನೊಂದಕ್ಕೆ ಇಳಿಸುವಾಗ ಕೊನೇ ಪದ ಕಾಣೆಯಾಗೋದು ಇದರಿಂದಲೇ. ಮತ್ತೆ ಸೈಲ್ಯಾಬಲ್ಲಿ ಬರೀ ನಕ್ಷತ್ರ ಹಾಕಿದರೆ ಮ್ಯಾಟ್ರಿಕ್ಸ್ ಗುಣಾಕಾರ, ಚುಕ್ಕೆ ಸೇರಿಸಿ ನಕ್ಷತ್ರ ಹಾಕಿದರೆ ಒಂದೊಂದು ಪದದ ಗುಣಾಕಾರ.

ಪೈಥಾನಲ್ಲಿ 0.1 ಮತ್ತು 0.2 ಕೂಡಿದರೆ 0.30000000000000004 ಬರುತ್ತೆ. ಯಂತ್ರ ಕೆಟ್ಟಿಲ್ಲ. ಎರಡರ ಆಧಾರದಲ್ಲಿ 0.1 ಅನ್ನೋದು ಮುಗಿಯದ ಭಿನ್ನರಾಶಿ, ಕತ್ತರಿಸಿ ಇಟ್ಟುಕೊಂಡಿರುತ್ತೆ. ಹಾಗಾಗಿ ಸಮೀಕರಣದ ಮೂಲವನ್ನ ಸುತ್ತು ಸುತ್ತಾಗಿ ಹುಡುಕುವ ನ್ಯೂಟನ್-ರಾಫ್ಸನ್ ಬರೆಯುವಾಗ "ಸೊನ್ನೆಗೆ ಸಮವಾದರೆ ನಿಲ್ಲು" ಅಂತ ಬರೆದರೆ ನಿಲ್ಲುತ್ತೆ ಅಂತ ನಂಬೋಕಾಗಲ್ಲ, ವ್ಯತ್ಯಾಸ 0.000001ಕ್ಕಿಂತ ಕಡಿಮೆಯಾದರೆ ನಿಲ್ಲು ಅನ್ನಿ. 2ರ ವರ್ಗಮೂಲಕ್ಕೆ 1ರಿಂದ ಹೊರಟರೆ 1.5, 1.416667, 1.414216. ಮೂರೇ ಸುತ್ತಿಗೆ ನಾಲ್ಕು ದಶಮಾಂಶ ಸರಿ. 0ಯಿಂದ ಹೊರಟರೆ ಡೆರಿವೇಟಿವ್ ಸೊನ್ನೆ, ಮೊದಲ ಹೆಜ್ಜೆಯಲ್ಲೇ ಪ್ರೋಗ್ರಾಂ ಮಗುಚಿಕೊಳ್ಳುತ್ತೆ. ವೈವಾದಲ್ಲಿ ಕೇಳೋದು ಇದನ್ನೇ.

ತೋಳಹುಣಸೆ ಟಿಕೆಟ್
ಮೂರನೇ ಪ್ರಶ್ನೆ ಉಳೀತು, ಐಐಟಿ. ಅದಕ್ಕೆ ಜಾಮ್ ಅನ್ನೋ ಎಂಎಸ್ಸಿ ಪ್ರವೇಶ ಪರೀಕ್ಷೆ ಬರೀಬೇಕು. ಸಾಮಾನ್ಯವಾಗಿ ಸೆಪ್ಟೆಂಬರ್-ಅಕ್ಟೋಬರಲ್ಲಿ ಅರ್ಜಿ, ಫೆಬ್ರವರಿಯಲ್ಲಿ ಪರೀಕ್ಷೆ. ಕೊನೇ ವರ್ಷದಲ್ಲಿ ಓದ್ತಾ ಇರುವಾಗಲೇ ಬರೀಬಹುದು.

ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಎ ಭಾಗದಲ್ಲಿ ಒಂದು ಉತ್ತರ ಆರಿಸುವ 30 ಪ್ರಶ್ನೆಗೆ 50 ಅಂಕ. ತಪ್ಪಾದರೆ ಒಂದು ಅಂಕದ ಪ್ರಶ್ನೆಗೆ 1/3, ಎರಡರದ್ದಕ್ಕೆ 2/3 ಕಳೀತಾರೆ. ಬಿ ಭಾಗದಲ್ಲಿ 10 ಪ್ರಶ್ನೆ, ತಲಾ 2. ಒಂದಕ್ಕಿಂತ ಹೆಚ್ಚು ಉತ್ತರ ಸರಿ ಇರಬಹುದು, ಎಲ್ಲ ಸರಿ ಗುರುತು ಮಾಡಿದರೆ ಮಾತ್ರ ಅಂಕ, ಕಳೆಯೋದಿಲ್ಲ. ಸಿ ಭಾಗದಲ್ಲಿ ಸಂಖ್ಯೆ ಟೈಪ್ ಮಾಡುವ 20 ಪ್ರಶ್ನೆಗೆ 30 ಅಂಕ, ಅಲ್ಲೂ ಕಳೆಯಲ್ಲ. ಹಾಗಾಗಿ ಬಿ, ಸಿ ಭಾಗದಲ್ಲಿ ಖಾಲಿ ಬಿಟ್ಟು ಬರೋದು ದಡ್ಡತನ.

ವಿಷಯ: ರಿಯಲ್ ಅನಾಲಿಸಿಸ್, ಒಂದಕ್ಕಿಂತ ಹೆಚ್ಚು ಚರಾಕ್ಷರದ ಕ್ಯಾಲ್ಕುಲಸ್, ಡಿಫರೆನ್ಷಿಯಲ್ ಈಕ್ವೇಷನ್, ಲೀನಿಯರ್ ಆಲ್ಜೀಬ್ರಾ, ಗ್ರೂಪ್ ಥಿಯರಿ. ಎಲ್ಲ ಇಲ್ಲಿನ ಡಿಗ್ರಿಯಲ್ಲೂ ಇವೆ. ತೊಂದರೆ ಇರೋದು ವೇಳಾಪಟ್ಟಿಯಲ್ಲಿ. ಲೀನಿಯರ್ ಆಲ್ಜೀಬ್ರಾ ಥರದ್ದು ಕಾಲೇಜಲ್ಲಿ ಕೊನೇ ಸೆಮ್‌ಗೆ ಬಂತು ಅಂದ್ರೆ ಪಾಠ ಮುಗಿಯೋ ಹೊತ್ತಿಗೆ ಫೆಬ್ರವರಿ ದಾಟಿರುತ್ತೆ. ಅದಕ್ಕೇ ಸೇರಿದ ವಾರವೇ ಆರೂ ಸೆಮ್ಮಿನ ಸಿಲಬಸ್ ಪಕ್ಕದಲ್ಲಿ ಜಾಮ್ ಸಿಲಬಸ್ ಇಟ್ಟು, ತಡವಾಗಿ ಬರೋದಕ್ಕೆ ಗುರುತು ಹಾಕು. ಅವನ್ನ ನಾಲ್ಕನೇ ಸೆಮ್ ರಜೆಯಲ್ಲಿ ಎನ್‌ಪಿಟಿಇಎಲ್‌ನ (ಐಐಟಿಗಳ ಆನ್‌ಲೈನ್ ಪಾಠ) ವಿಡಿಯೋ ನೋಡಿ ಸ್ವಂತಕ್ಕೆ ಮುಗಿಸಬೇಕು.

ಚಂದ್ರವಳ್ಳಿ
ಅದಕ್ಕೂ ಮೊದಲು ಎಂಟಿಟಿಎಸ್. ಎಸ್. ಕುಮರೇಶನ್ ಅವರು 1993ರಲ್ಲಿ ಶುರುಮಾಡಿದ ಬೇಸಿಗೆ ಶಿಬಿರ. ಅಲ್ಲಿ ಮೇಷ್ಟ್ರು ಬೋರ್ಡ್ ತುಂಬ ಬರೆದು ಹೋಗಲ್ಲ, ಪ್ರಶ್ನೆ ಕೇಳಿ ಕೇಳಿ ಹುಡುಗರ ಬಾಯಿಂದಲೇ ಪ್ರೂಫ್ ಹೊರಡಿಸ್ತಾರೆ. ಅರ್ಜಿಯಲ್ಲಿ ಅಂಕದ ಜೊತೆ ಶಿಕ್ಷಕರ ಶಿಫಾರಸೂ ಬೇಕಾಗಬಹುದು, ಅದಕ್ಕೆ ನಿನ್ನ ಹೆಸರು ಗೊತ್ತಿರೋ ಮೇಷ್ಟ್ರು ಒಬ್ಬರಾದರೂ ಇರಬೇಕು. ಕ್ಲಾಸಲ್ಲಿ ಪ್ರಶ್ನೆ ಕೇಳು, ಗೊತ್ತಾಗ್ತಾರೆ.

ಖಾರ ಮಂಡಕ್ಕಿ
ಎಲ್ಲರಿಗೂ ಧನ್ಯವಾದ. ಸೊನ್ನೆ ಸರ್ ಹೇಳಿದಂಗೆ ಪುಸ್ತಕ ಮುಚ್ಚಿ ಒಂದು ಪ್ರೂಫ್ ಬರೆದೆ. ನೋಡಿ ಹೇಳಿ.

ದತ್ತ: ಒಂದು ಅನುಕ್ರಮ ಎಲ್‌ಗೂ ಹೋಗುತ್ತೆ, ಎಂಗೂ ಹೋಗುತ್ತೆ. ಸಾಧನೀಯ: ಎಲ್ = ಎಂ. ಎರಡೂ ಬೇರೆ ಅಂದ್ಕೊಳ್ಳೋಣ. ಅವುಗಳ ನಡುವಿನ ದೂರದ ಅರ್ಧ ಎಪ್ಸಿಲಾನ್ ಇರಲಿ. ಕೆ ಅನ್ನೋ ಪೂರ್ಣಾಂಕ ಇದೆ. ಅದರ ಮುಂದಿನ ಪದಗಳಿಂದ ಎಲ್‌ಗೆ ದೂರ ಎಪ್ಸಿಲಾನ್‌ಗಿಂತ ಕಡಿಮೆ, ಎಂಗೆ ದೂರವೂ ಎಪ್ಸಿಲಾನ್‌ಗಿಂತ ಕಡಿಮೆ. ಕೂಡಿದರೆ ಎಲ್‌ನಿಂದ ಎಂಗೆ ದೂರ ಎರಡು ಎಪ್ಸಿಲಾನ್‌ಗಿಂತ ಕಡಿಮೆ. ಆದರೆ ಎರಡು ಎಪ್ಸಿಲಾನ್ ಅಂದ್ರೆ ಅದೇ ದೂರ. ಒಂದು ಸಂಖ್ಯೆ ತನಗಿಂತ ತಾನೇ ಕಡಿಮೆ ಆಗೋಕೆ ಆಗಲ್ಲ. ಹಾಗಾಗಿ ಎಲ್ = ಎಂ.

ಸೊನ್ನೆಯಿಂದ ಭಾಗಿಸಬ್ಯಾಡ್ರಿ
ಬಹಳ ಚೆನ್ನಾಗಿದೆ ತಂಗಿ. ಎಪ್ಸಿಲಾನ್ ಆರಿಸಿದ್ದು ಸರಿ. ದೂರದ ಮೂರನೇ ಒಂದು ಭಾಗ ತಗೊಂಡಿದ್ದರೂ ನಡೀತಿತ್ತು. ಎಲ್ ಮತ್ತು ಎಂ ಬೇರೆ ಅಂದಿದ್ದರಿಂದ ಅದು ಧನ ಸಂಖ್ಯೆ ಅಂತ ಒಂದು ಮಾತು ಸೇರಿಸು.

ತಪ್ಪಿರೋದು ಕೆ ಹತ್ತಿರ. ಎಲ್‌ನ ಡೆಫಿನಿಷನ್ ಒಂದು ಕೆ ಕೊಡುತ್ತೆ, ಎಂನ ಡೆಫಿನಿಷನ್ ಇನ್ನೊಂದು ಕೆ ಕೊಡುತ್ತೆ. ಎರಡೂ ಒಂದೇ ಅಂತ ಯಾರೂ ಹೇಳಿಲ್ಲ. ಚಂದ್ರವಳ್ಳಿ ಅಕ್ಕ ಹೇಳಿದ ಒಂದು, ಒಂದೇ ಇಲ್ಲೇ ಇದೆ ನೋಡು. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟು, ಅವುಗಳಲ್ಲಿ ದೊಡ್ಡದನ್ನ ತಗೋ, ಅದರ ಮುಂದಿನ ಒಂದು ಪದ ಹಿಡ್ಕೋ. ಆಗ ಎರಡೂ ಅಸಮತೆ ಒಟ್ಟಿಗೆ ನಿಜ.

ಇದನ್ನ ತಿದ್ದಿ ಬರೆದಮೇಲೆ, ಎರಡು ಅನುಕ್ರಮದ ಮೊತ್ತದ ಮಿತಿ ಅಂದ್ರೆ ಮಿತಿಗಳ ಮೊತ್ತ ಅಂತ ಸಾಧಿಸಿ ಇಲ್ಲಿ ಹಾಕು. ಅಲ್ಲೂ ಎರಡು ಕೆ ಬರುತ್ತೆ.

ಖಾರ ಮಂಡಕ್ಕಿ
ಅಯ್ಯೋ, ಹೌದಲ್ವಾ. ತಿದ್ದಿದೆ. ಮೊತ್ತದ್ದು ನಾಳೆ ಹಾಕ್ತೀನಿ ಸರ್, ಎಪ್ಸಿಲಾನ್ ಅರ್ಧ ಅರ್ಧ ಮಾಡ್ಕೋಬೇಕು ಅನ್ಸುತ್ತೆ.